ಆಸ್ಪತ್ರೆಯ ಬಿಲ್ಲು, ಬೆಳಗಾವಿಯ ಬಿಲ್ಲು

ಕ್ಯಾಸಂಬಳ್ಳಿ ಅಂದರೆ ಓದಿದವರಿಗೆ ನೆನಪಾಗುವುದು ಒಂದೇ ಹೆಸರು. ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ, ಅಂದರೆ ಕೆ.ಸಿ. ರೆಡ್ಡಿ. 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳುವಾಗ ಎದೆ ಉಬ್ಬಿಸುತ್ತಿದ್ದರು, ನಾವೂ ಉಬ್ಬಿಸುತ್ತಿದ್ದೆವು. ಮನೆಗೆ ಬಂದು ಹೇಳಿದರೆ ಅಜ್ಜಿ ಕೇಳಿದ್ದು ಬೇರೆ. "ಆಯಪ್ಪನ ಕಾಲದಲ್ಲಿ ಆಸ್ಪತ್ರೆಗೆ ಎಷ್ಟು ದುಡ್ಡು ಕೇಳ್ತಿದ್ರಂತೆ?"

ನಮ್ಮ ಪಾಠದ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಯಾವ ರಾಜ ಎಷ್ಟು ಕೆರೆ ಕಟ್ಟಿಸಿದ, ಯಾವ ದಿವಾನ ಎಲ್ಲಿ ಅಣೆಕಟ್ಟು ಹಾಕಿಸಿದ ಅನ್ನೋದೆಲ್ಲ ಇದೆ. ಬಡವನ ಕಾಯಿಲೆಗೆ ಬೆಲೆ ಕಟ್ಟಿದವರು ಯಾರು ಅನ್ನೋದು ಇಲ್ಲ. ಅದಕ್ಕೇ ನಾವು ಈ ಚರಿತ್ರೆಯನ್ನು ನಮ್ಮ ಕೈಲಾದಷ್ಟು ಬರೆಯಲು ಕೂತಿದ್ದೇವೆ. ಇದರ ನಡುವೆ ಒಬ್ಬ ಶಾಸಕ ಬರುತ್ತಾರೆ. ನಮ್ಮದೇ ಕೋಲಾರ ಜಿಲ್ಲೆಯವರು, ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. 2017ರಲ್ಲಿ ಅವರು ಆಸ್ಪತ್ರೆಯ ಬೆಲೆಯನ್ನು ಕಾನೂನಿನ ಕೈಗೆ ಕೊಡಲು ಹೊರಟರು. ಹೊರಟದ್ದು ಎಷ್ಟು ದೂರ ಹೋಯಿತು, ಎಲ್ಲಿ ನಿಂತಿತು ಅನ್ನೋದನ್ನು ಹೇಳಬೇಕು.

ಮೊದಲು ಒಂದು ಬಿಲ್ಲಿನ ಕತೆ. ನಮ್ಮ ಕಾಲೋನಿಯ ಚಿಕ್ಕಪ್ಪ ಒಬ್ಬರು ಬಂಗಾರಪೇಟೆಯಲ್ಲಿ ರೈಲು ಹತ್ತಿ ದಿನಾ ಬೆಂಗಳೂರಿಗೆ ಕಟ್ಟಡದ ಕೂಲಿಗೆ ಹೋಗುತ್ತಿದ್ದರು. ಬೆಳಗಿನ ಜಾವದ ರೈಲಿಗೆ ಹೋಗಿ ರಾತ್ರಿ ರೈಲಿಗೆ ವಾಪಸ್ಸು. ಒಂದು ದಿನ ಮೂರನೇ ಮಹಡಿಯ ಸಾರುವೆಯಿಂದ ಬಿದ್ದರು. ಮೇಸ್ತ್ರಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹಾಕಿ ಕಣ್ಮರೆಯಾದ. ಐದನೇ ದಿನ ಚಿಕ್ಕಪ್ಪ ತೀರಿಕೊಂಡರು. ಬಿಲ್ಲು ಕಟ್ಟಿ ಹೆಣ ತಗೊಂಡು ಹೋಗಿ ಅಂದರು. ನಮ್ಮಲ್ಲಿ ಡಿಗ್ರಿ ಮುಗಿಸಿದವರು ನಾವೇ ಮೊದಲು, ಅದಕ್ಕೆ ನಮ್ಮನ್ನು ಕೌಂಟರಿನ ಮುಂದೆ ತಳ್ಳಿದರು. ಮೂರು ಹಾಳೆ ಇಂಗ್ಲಿಷು. ಅದರಲ್ಲಿ 'ಕನ್ಸ್ಯೂಮಬಲ್ಸ್' ಅಂತ ಒಂದು ಸಾಲು, ಅದರ ಎದುರಿಗೆ ಹದಿನೆಂಟು ಸಾವಿರ. ಹಾಗಂದರೇನು ಅಂತ ಕೇಳಿದೆವು. ಕೌಂಟರಿನಲ್ಲಿದ್ದ ಹುಡುಗಿಗೂ ಗೊತ್ತಿರಲಿಲ್ಲ, ಪಾಪ. ಚಿಕ್ಕಮ್ಮನ ಕಿವಿಯ ಕಮ್ಮಲು, ಎರಡು ಕರೆಯುವ ಹಸು, ಊರಿನ ಬಡ್ಡಿ ಸಾಹುಕಾರನ ಹತ್ತಿರ ಸಾಲ, ಇಷ್ಟೂ ಸೇರಿದ ಮೇಲೆ ಹೆಣ ಊರಿಗೆ ಬಂತು.

ಆ ಹದಿನೆಂಟು ಸಾವಿರವನ್ನು ಬರೆದವರು ಯಾರು ಅಂತ ಹುಡುಕಿಕೊಂಡು ಹಿಂದಕ್ಕೆ ಹೋದರೆ ನಾವು ನಮ್ಮ ಪಕ್ಕದ ಗಣಿಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಯಾಕಂದ್ರೆ ಈ ಸೀಮೆಯಲ್ಲಿ ಕೂಲಿಕಾರನ ಎದೆಗೆ ಮೊದಲು ಲೆಕ್ಕ ಹಾಕಿದ್ದು ಅಲ್ಲೇ.

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ಹಿಡಿಯಿತು. ನೆಲದೊಳಕ್ಕೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು, ಅವರ ಜೊತೆಗೆ ನಮ್ಮ ಸುತ್ತಿನ ಹಳ್ಳಿಗಳವರು. ಮನೇಲಿ ತೆಲುಗು, ಶಾಲೇಲಿ ಕನ್ನಡ, ಗಣಿಯ ಲೈನಿನಲ್ಲಿ ತಮಿಳು ಅನ್ನುವ ನಮ್ಮ ಬಾಯಿ ಆಗ ತಯಾರಾದದ್ದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಈ ಗಣಿಗಳಿಗೆ, ಬೆಂಗಳೂರಿಗಿಂತ ಮೊದಲು. ಕಂಪನಿ ಆಸ್ಪತ್ರೆಯನ್ನೂ ಕಟ್ಟಿತು. ಒಳ್ಳೆಯ ಆಸ್ಪತ್ರೆಯೇ, ಇಲ್ಲ ಅನ್ನೋದಿಲ್ಲ. ಮುರಿದ ಕೈಕಾಲು ಕೂಡಿಸದಿದ್ದರೆ ಮರುದಿನ ಇಳಿಯುವವರಾರು? ಯಂತ್ರಕ್ಕೆ ಎಣ್ಣೆ ಬಿಡುವ ಹಾಗೆ ಮನುಷ್ಯನಿಗೆ ಮದ್ದು.

ಎಣ್ಣೆ ಬಿಟ್ಟರೂ ರಿಪೇರಿಯಾಗದ ಕಾಯಿಲೆ ಒಂದಿತ್ತು. ಕಲ್ಲು ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಕಲ್ಲಾಗಿಸುವ ಸಿಲಿಕೋಸಿಸ್. ಅದಕ್ಕೆ ಮದ್ದಿಲ್ಲ, ಇವತ್ತಿಗೂ ಇಲ್ಲ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ಮಾಡಿ ಈ ರೋಗವನ್ನು ಪರಿಹಾರಕ್ಕೆ ಸೇರಿಸಿತು. ಅದೇ ದಶಕದಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಎದೆಯಲ್ಲಿ ಆ ಧೂಳಿತ್ತು. ಗೆಳೆಯರೇ, ಈ ಅಂಕಿಯನ್ನು ಇನ್ನೊಂದು ಸಲ ಓದಿ. ಐದು ಜನರ ತಂಡ ಇಳಿದರೆ ಇಬ್ಬರು. ಭಾರತದ ವೈದ್ಯಕೀಯ ಪುಸ್ತಕಗಳಲ್ಲಿ ಸಿಲಿಕೋಸಿಸ್ಸಿನ ಅಧ್ಯಾಯ ಶುರುವಾಗುವುದೇ ಕೋಲಾರದ ಹೆಸರಿಂದ.

ಇದೇ ಹೊತ್ತಿಗೆ ದೆಹಲಿಯಲ್ಲಿ ಬಾಬಾಸಾಹೇಬರು ಇದ್ದರು. 1942ರಿಂದ 46ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ಬಾಬಾಸಾಹೇಬರು ಅಂದರೆ ಸಂವಿಧಾನ, ಮೀಸಲಾತಿ ಅಂತಷ್ಟೇ ನಮಗೆ ಹೇಳಿಕೊಟ್ಟಿದ್ದಾರೆ. 1943ರಲ್ಲಿ ಅವರ ಖಾತೆಯ ಕಾಲದಲ್ಲೇ ಬಿ.ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ತಯಾರಿಸಲು ಹೇಳಿದರು, 1944ರಲ್ಲಿ ವರದಿ ಬಂತು. ಆ ಬೀಜದಿಂದ ಎದ್ದದ್ದು 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ನಾವೆಲ್ಲ ಇಎಸ್‌ಐ ಅನ್ನುತ್ತೇವಲ್ಲ, ಅದು. ಕೂಲಿಕಾರ ತನ್ನ ಪಾಲು ಕೊಡಬೇಕು, ಧಣಿ ತನ್ನ ಪಾಲು ಕೊಡಬೇಕು, ಕಾಯಿಲೆ ಬಿದ್ದಾಗ ಮದ್ದೂ ಸಿಗಬೇಕು, ಕೂಲಿಯ ಒಂದು ಭಾಗವೂ ಸಿಗಬೇಕು. ಸ್ವತಂತ್ರ ಭಾರತದ ಮೊದಲ ದೊಡ್ಡ ಸಾಮಾಜಿಕ ವಿಮೆ.

ಆದರೆ ಆ ಕಾಯ್ದೆಯಲ್ಲಿ 'ಕಾರ್ಖಾನೆ' ಅಂದರೇನು ಅಂತ ಬರೆದಿರುವ ಕಡೆ ಒಂದು ಸಾಲಿದೆ. ಗಣಿ ಕಾಯ್ದೆಗೆ ಒಳಪಟ್ಟ ಗಣಿ ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ. ಅಂದ್ರೆ ದೇಶದಲ್ಲೇ ಎದೆಯ ಧೂಳಿಗೆ ಹೆಸರಾದ ಕೋಲಾರದ ಕೂಲಿಕಾರನಿಗೆ ದೇಶದ ಆರೋಗ್ಯ ವಿಮೆ ಇಲ್ಲ. ಅವನಿಗೆ ಕಂಪನಿಯ ಆಸ್ಪತ್ರೆಯೇ ಗತಿ. ಕೆಲಸ ಇರುವ ತನಕ ಆಸ್ಪತ್ರೆ, ಗಣಿ ಇರುವ ತನಕ ಕೆಲಸ. ಧೂಳು ಮಾತ್ರ ಸಾಯುವ ತನಕ.

ಅದೇ 1948ರ ಜುಲೈ 5ರಂದು, ಜಾನ್ ಟೇಲರ್ ಕಂಪನಿಯ ತವರಾದ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಯಾರು ಬೇಕಾದರೂ ಬರಬಹುದು, ಬಾಗಿಲಲ್ಲಿ ಯಾರೂ ದುಡ್ಡು ಕೇಳುವುದಿಲ್ಲ. ಅದನ್ನು ತಂದ ಮಂತ್ರಿ ಅನ್ಯೂರಿನ್ ಬೆವನ್, ವೇಲ್ಸಿನ ಟ್ರೆಡಿಗರ್ ಅನ್ನುವ ಊರಿನವನು, ಹುಡುಗನಾಗಿದ್ದಾಗಲೇ ಕಲ್ಲಿದ್ದಲ ಗಣಿಗೆ ಇಳಿದವನು. ಆ ಊರಿನ ಗಣಿ ಕಾರ್ಮಿಕರು ಕೂಲಿಯಲ್ಲಿ ಕಾಸು ಕೂಡಿಸಿ ತಮ್ಮದೇ ವೈದ್ಯ ಸಂಘ ನಡೆಸುತ್ತಿದ್ದರು. ಅದನ್ನು ದೇಶಕ್ಕೆಲ್ಲ ಹಾಸಿದ ಬೆವನ್. ಅಲ್ಲಿನ ವೈದ್ಯರ ಸಂಘವೂ ಕಡೆಯ ತನಕ ಕುಸ್ತಿಗೆ ನಿಂತಿತ್ತು. ಹೇಗೆ ಒಪ್ಪಿಸಿದೆ ಅಂತ ಕೇಳಿದ್ದಕ್ಕೆ, ಅವರ ಬಾಯಿಗೆ ಚಿನ್ನ ತುರುಕಿದೆ ಅಂದನಂತೆ. ಆ ಚಿನ್ನ ಎಷ್ಟು ನಮ್ಮ ಕೋಲಾರದ್ದೋ, ಲೆಕ್ಕ ಯಾರಿಟ್ಟಿದ್ದಾರೆ?

ಇಲ್ಲಿ ಗಣಿ ಕೈ ಬದಲಾಯಿಸಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಆಸ್ಪತ್ರೆಯೂ ಮುಚ್ಚಿತು. ಗಣಿಯವರ ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಕೂಲಿಗಳಾದರು. ನಮ್ಮ ಹಳ್ಳಿಗಳವರೂ ಅದೇ ಡಬ್ಬಿಯಲ್ಲಿ ನಿಂತರು. ಮೇಸ್ತ್ರಿ ಕೈಕೆಳಗೆ ಹೆಸರಿಲ್ಲದೆ ದುಡಿಯುವ ಇವರಿಗೆ ಕಂಪನಿ ಆಸ್ಪತ್ರೆಯೂ ಇಲ್ಲ, ಇಎಸ್‌ಐಯೂ ಇಲ್ಲ.

ಈ ಹೊತ್ತಿಗೆ ಸರ್ಕಾರಗಳ ಬಾಯಲ್ಲಿ 'ವಿಮೆ' ಅನ್ನುವ ಮಾತು ಮತ್ತೆ ಹುಟ್ಟಿತು. 2003ರಲ್ಲಿ ಯಶಸ್ವಿನಿ ಬಂತು. ತಿಂಗಳಿಗೆ 5 ರೂಪಾಯಿ ಕಟ್ಟಿದರೆ ಆಪರೇಷನ್ನು. ರೈತರಿಗೆ ಅನುಕೂಲ ಆಯಿತು, ಸುಳ್ಳಲ್ಲ. ಆದರೆ ಸಹಕಾರ ಸಂಘದ ಸದಸ್ಯನಾಗಿರಬೇಕು. ಹೊಲ ಇಲ್ಲದವನು, ಡೈರಿಗೆ ಹಾಲು ಹಾಕಲು ಹಸು ಇಲ್ಲದವನು ಯಾವ ಸಂಘಕ್ಕೆ ಷೇರು ಕಟ್ಟುತ್ತಾನೆ? ಕೇರಿಯ ಅರ್ಧ ಅಲ್ಲೇ ಹೊರಗುಳಿಯಿತು. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕಾರ್ಡಿದ್ದವರಿಗೆ. ಹೃದಯ, ಕ್ಯಾನ್ಸರ್, ಸುಟ್ಟ ಗಾಯ ಇಂಥ ದೊಡ್ಡ ಕಾಯಿಲೆಗಳಿಗೆ ಬಿಡಿಕಾಸು ಇಲ್ಲದೆ ಚಿಕಿತ್ಸೆ. ಇದನ್ನು ನಾವು ಲಘುವಾಗಿ ಮಾತಾಡುವಂತಿಲ್ಲ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡವರು ಸಾಯುವುದು ನೂರಕ್ಕೆ 64ರಷ್ಟು ಕಡಿಮೆ ಇತ್ತು. ಕಾರ್ಡು ಜೀವ ಉಳಿಸುತ್ತೆ. ಉಳಿಸಿದ್ದನ್ನು ಉಳಿಸಿತು ಅನ್ನಬೇಕು.

ಆದರೂ ನಮ್ಮ ಅಜ್ಜಿಯ ಪ್ರಶ್ನೆ ಹಾಗೇ ಇತ್ತು. ಕಾರ್ಡು ಬಿಲ್ಲನ್ನು ಕಟ್ಟುತ್ತೆ. ಈ ಬಿಲ್ಲು ಸರಿಯೋ ತಪ್ಪೋ ಅಂತ ಕಾರ್ಡಿಲ್ಲದವನ ಪರವಾಗಿ ಅದು ಕೇಳುವುದಿಲ್ಲ. ಪಟ್ಟಿಯಲ್ಲಿಲ್ಲದ ಕಾಯಿಲೆಯವನ ಪರವಾಗಿಯೂ ಕೇಳುವುದಿಲ್ಲ.

ಕೇಳಲು ಹೊರಟದ್ದು ರಮೇಶ್ ಕುಮಾರ್. 1978ರಲ್ಲಿ ಮೊದಲು ಗೆದ್ದವರು, ಎರಡು ಸಲ ವಿಧಾನಸಭೆಯ ಸಭಾಧ್ಯಕ್ಷರಾದವರು. 2016ರ ಜೂನಿನಲ್ಲಿ ಆರೋಗ್ಯ ಮಂತ್ರಿಯಾದರು. ನಾವು ಅವರ ಫೋಟೋಕ್ಕೆ ಹಾರ ಹಾಕಲು ಈ ಲೇಖನ ಬರೆಯುತ್ತಿಲ್ಲ. ಅವರು ನಮ್ಮ ಕೇರಿಯವರಲ್ಲ, ನಮ್ಮ ಚಳವಳಿಯವರೂ ಅಲ್ಲ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸದನದಲ್ಲಿ ಅತ್ಯಾಚಾರದ ವಿಷಯಕ್ಕೆ ಅವರಾಡಿದ ಮಾತನ್ನು, ಮರುದಿನ ಅವರು ಕ್ಷಮೆ ಕೇಳಿದರೂ, ನಮ್ಮ ಅಕ್ಕತಂಗಿಯರು ಮರೆತಿಲ್ಲ. ಆದರೆ 2017ರಲ್ಲಿ ಅದೇ ಸದನಕ್ಕೆ ಅವರು ತಂದ ಕಾಗದವನ್ನು ಕಾಗದವಾಗಿ ಓದಬೇಕು.

ಖಾಸಗಿ ನರ್ಸಿಂಗ್ ಹೋಮುಗಳಿಗೆ ನಮ್ಮ ರಾಜ್ಯದಲ್ಲಿ 1976ರಿಂದ ಒಂದು ಕಾಯ್ದೆ ಇತ್ತು. 2007ರಲ್ಲಿ ಅದರ ಜಾಗಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. ಎರಡೂ ಹೆಚ್ಚಾಗಿ ನೋಂದಣಿಯ ಕಾಯ್ದೆಗಳು. ಕಟ್ಟಡ ಹೇಗಿರಬೇಕು, ಎಷ್ಟು ದಾದಿಯರಿರಬೇಕು ಇತ್ಯಾದಿ. 2017ರ ಜೂನಿನಲ್ಲಿ ರಮೇಶ್ ಕುಮಾರ್ ತಂದ ತಿದ್ದುಪಡಿ ಮಸೂದೆ ಹಣಕ್ಕೆ ಕೈ ಹಾಕಿತು. ಚಿಕಿತ್ಸೆಗಳ ದರವನ್ನು ಸರ್ಕಾರ ಗೊತ್ತುಮಾಡುತ್ತದೆ, ಅದಕ್ಕಿಂತ ಹೆಚ್ಚು ತಗೊಂಡರೆ ಜೈಲು, ದಂಡ. ಜಿಲ್ಲೆಗೊಂದು ದೂರು ಸಮಿತಿ. ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ. ಬಾಕಿ ಇದೆ ಅಂತ ಹೆಣ ಹಿಡಿದಿಡುವಂತಿಲ್ಲ. ರೋಗಿಗೆ ಇರುವ ಹಕ್ಕುಗಳ ಪಟ್ಟಿಯೇ ಕಾನೂನಿನ ಒಳಗೆ. ಆಸ್ಪತ್ರೆಯ ಬಿಲ್ಲಿನ ಮೇಲೆ ಸದನ ಒಂದು ಬಿಲ್ಲು ತಂದಿತು.

ಮಸೂದೆ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ಅಲ್ಲಿಂದ ಹೊರಬರುವ ಹೊತ್ತಿಗೆ ವೈದ್ಯರು ಬೀದಿಯಲ್ಲಿದ್ದರು. ನವೆಂಬರ್ 3ರಂದು ಒಂದು ದಿನ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಬಂದ್. 13ರಂದು ಬೆಳಗಾವಿಯಲ್ಲಿ ಅಧಿವೇಶನ ಶುರುವಾದ ದಿನವೇ ಸಾವಿರಾರು ವೈದ್ಯರು ಅಲ್ಲಿ ಸೇರಿದರು. ಆಮೇಲೆ ಊರೂರಲ್ಲಿ ಕ್ಲಿನಿಕ್ಕುಗಳು ಮುಚ್ಚಿದವು, 16ರಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೂ ಮುಚ್ಚಿದವು. ಸರ್ಕಾರಿ ಆಸ್ಪತ್ರೆಗಳ ಮುಂದೆ ಜಾತ್ರೆ. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ದಿನಾ ಪತ್ರಿಕೆಯಲ್ಲಿ. ಸತ್ತವರಲ್ಲಿ ಯಾರ ಮನೆಯವರು ಹೆಚ್ಚಿದ್ದರು ಅಂತ ನಾವು ಹೇಳಬೇಕಾಗಿಲ್ಲ.

ವೈದ್ಯರ ಮಾತನ್ನೂ ಹೇಳಿಬಿಡೋಣ. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ಶಿಫಾರಸನ್ನು ಬದಿಗಿಟ್ಟು ಮಸೂದೆ ಬರೆದಿದ್ದಾರೆ ಅಂದರು. ಸರ್ಕಾರಿ ಆಸ್ಪತ್ರೆಗೆ ಯಾಕೆ ಈ ಕಾನೂನಿಲ್ಲ ಅಂದರು. ಇನ್‌ಸ್ಪೆಕ್ಟರುಗಳ ಕಾಟ ಶುರುವಾಗುತ್ತೆ, ಸಣ್ಣ ಊರಿನ ಸಣ್ಣ ನರ್ಸಿಂಗ್ ಹೋಮು ಉಳಿಯಲ್ಲ ಅಂದರು. ಕಡೆಯ ಎರಡರಲ್ಲಿ ನಿಜ ಇದೆ. ಹಳ್ಳಿ ಹೋಬಳಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸೂಜಿ ಹಾಕಿ ಕಳಿಸಿದ ಡಾಕ್ಟರು ನಮಗೂ ಗೊತ್ತು. ಆದರೆ ಆ ಡಾಕ್ಟರ ಹೆಗಲ ಮೇಲೆ ಬಂದೂಕಿಟ್ಟು ಹಾರಿಸಿದವರು ಬೇರೆ. ಗಾಜಿನ ಗೋಡೆಯ ಆಸ್ಪತ್ರೆಗಳು, ಹೆಲ್ತು ಅನ್ನೋದನ್ನು ಷೇರು ಪೇಟೆಗೆ ಇಳಿಸಿದವರು. ಇನ್ನು ಸದನದ ಒಳಗೆ ವೈದ್ಯಕೀಯ ಕಾಲೇಜು ನಡೆಸುವವರು ಎಲ್ಲ ಪಕ್ಷದ ಬೆಂಚಿನಲ್ಲೂ ಕೂತಿದ್ದರು.

17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೈದ್ಯರ ಮುಖಂಡರ ಜೊತೆ ಕೂತರು, ಮುಷ್ಕರ ನಿಂತಿತು. ಅದಾದ ಕೆಲವೇ ದಿನದಲ್ಲಿ ಅದೇ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ಆದರೆ ಹಲ್ಲು ಕಿತ್ತ ಮೇಲೆ. ಎಲ್ಲ ರೋಗಿಗಳಿಗೂ ಸರ್ಕಾರ ದರ ಗೊತ್ತುಮಾಡುವ ಮಾತು ಹೋಯಿತು. ಸರ್ಕಾರಿ ಯೋಜನೆಯಲ್ಲಿ ಬಂದವರಿಗೆ ಮಾತ್ರ ಸರ್ಕಾರದ ದರ. ಉಳಿದವರಿಗೆ ಆಸ್ಪತ್ರೆ ತಾನೇ ಬರೆದು ತೂಗುಹಾಕುವ ದರಪಟ್ಟಿ, ಅದಕ್ಕಿಂತ ಹೆಚ್ಚು ತಗೊಳ್ಳಬಾರದು ಅಷ್ಟೇ. ಪ್ರತ್ಯೇಕ ದೂರು ಸಮಿತಿ ಹೋಯಿತು, ಜಿಲ್ಲಾಧಿಕಾರಿಯ ನೋಂದಣಿ ಪ್ರಾಧಿಕಾರವೇ ದೂರನ್ನೂ ನೋಡಬೇಕು. ಹೆಚ್ಚು ಹಣ ಕಿತ್ತವನಿಗೆ ಜೈಲು ಹೋಯಿತು. ಉಳಿದದ್ದು ರೋಗಿಗಳ ಹಕ್ಕುಪಟ್ಟಿ, ತುರ್ತಿಗೆ ಮುಂಗಡ ಕೇಳಬಾರದು ಅನ್ನುವ ಮಾತು, ಮತ್ತು ಹೆಣದ ಮಾತು. ಬಾಕಿ ಏನಿದ್ದರೂ ಆಮೇಲೆ, ಮೊದಲು ಹೆಣ ಮನೆಯವರಿಗೆ. ಕರ್ನಾಟಕ ಜನಾರೋಗ್ಯ ಚಳವಳಿಯ ಗೆಳೆಯರು ಆ ದಿನಗಳಲ್ಲಿ ಮಸೂದೆಯ ಪರವಾಗಿ ಬೀದಿಯಲ್ಲಿದ್ದವರು. ಅವರ ಸಂಖ್ಯೆ ವೈದ್ಯರ ಸಂಖ್ಯೆಯ ಮುಂದೆ ಒಂದು ಹಿಡಿ. ನಮ್ಮ ಸಂಘಟನೆಗಳು ಎಲ್ಲಿದ್ದವು? ನಾವು ಎಲ್ಲಿದ್ದೆವು? ಮೂರ್ತಿ, ಜಯಂತಿ, ಬ್ಯಾನರು. ಹೆಣ ಬಿಡಿಸಿಕೊಳ್ಳಲು ಕಮ್ಮಲು ಮಾರಿದ ನಾವು ಆ ಹದಿನೈದು ದಿನ ಬೆಳಗಾವಿಯ ದಾರಿ ಹಿಡಿಯಲಿಲ್ಲ. ಕರೆದವರೂ ಇಲ್ಲ, ಕೇಳಿ ಹೋದವರೂ ಇಲ್ಲ.

ದರದ ಬಿಲ್ಲು ಸೋತ ಮೇಲೆ ಕಾರ್ಡು ಗೆದ್ದಿತು. 2018ರ ಮಾರ್ಚಿ 2ರಂದು ಆರೋಗ್ಯ ಕರ್ನಾಟಕ ಶುರು, ಅದೇ ರಮೇಶ್ ಕುಮಾರ್ ಮಂತ್ರಿಯಾಗಿದ್ದಾಗ. ಹಿಂದಿನ ಬಿಡಿಬಿಡಿ ಯೋಜನೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದರು. ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಬೇರೆಯವರಿಗೆ ವೆಚ್ಚದ ನೂರಕ್ಕೆ 30 ಭಾಗ. ಈ ಯೋಜನೆಯ ಒಂದು ಒಳ್ಳೆಯ ಗುಣ ಅಂದರೆ, ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಮಾತ್ರ ಚೀಟಿ ಬರೆದು ಖಾಸಗಿಗೆ ಕಳಿಸುತ್ತಾರೆ. ಸರ್ಕಾರದ ದುಡ್ಡು ಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಲಿ ಅನ್ನೋ ಯೋಚನೆ. ಆದರೆ ಆ ಬಾಗಿಲ ಹಿಂದೆ ಯಾರೂ ಇಲ್ಲದಿದ್ದರೆ? ಡಾಕ್ಟರಿಲ್ಲದ ಊರಲ್ಲಿ ಚೀಟಿ ಬರೆಸಿಕೊಳ್ಳುವುದೇ ಒಂದು ದಿನದ ಕೂಲಿ. ಅದೂ ಅಲ್ಲದೆ, ಈ ಕಾರ್ಡು ಹಾಸಿಗೆಯಲ್ಲಿ ಮಲಗಿದವನಿಗೆ. ಮಾರಿಕುಪ್ಪದ ಲೈನಿನಲ್ಲಿ ಧೂಳಿನ ಎದೆ ಹಿಡಿದು ಕೂತ ಮುದುಕನಿಗೆ ಆಪರೇಷನ್ನು ಬೇಡ. ತಿಂಗಳ ಮದ್ದು ಬೇಕು, ಎದೆಗೆ ಎಳೆದುಕೊಳ್ಳುವ ಪಂಪು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ಸಿಕ್ಕಿತು, ಇಲ್ಲದಿದ್ದರೆ ಅಂಗಡಿ.

ದರ ಕಟ್ಟಲು ಸಾಧ್ಯವೇ ಇಲ್ಲ ಅಂತ 2017ರಲ್ಲಿ ಎಷ್ಟು ಜನ ವಾದ ಮಾಡಿದ್ದರು! ಮೂರು ವರ್ಷವೂ ಆಗಲಿಲ್ಲ. 2020ರ ಜೂನಿನಲ್ಲಿ ಕೋವಿಡ್ ರೋಗಿಗಳಿಗೆ ಸರ್ಕಾರ ಖಾಸಗಿ ಆಸ್ಪತ್ರೆಗಳ ದರ ಗೊತ್ತುಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ತಾನೇ ಹೋದವನಿಗೆ 10,000. ವೆಂಟಿಲೇಟರಿನ ಹಾಸಿಗೆ ಮೊದಲನೆಯವನಿಗೆ 10,000, ಎರಡನೆಯವನಿಗೆ 25,000. ಒಂದೇ ಹಾಸಿಗೆಗೆ ಎರಡು ಬೆಲೆ ಯಾಕೆ ಅಂತ ಕೇಳಬಹುದು, ಕೇಳಬೇಕು. ಆದರೆ ಬೆಲೆ ಕಟ್ಟಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

2021ರ ಬೇಸಿಗೆಯಲ್ಲಿ, ಎರಡನೇ ಅಲೆಯಲ್ಲಿ ಹಾಸಿಗೆ ಸಿಗದೆ ಜನ ಒದ್ದಾಡುವಾಗ, ಇಪ್ಪತ್ತು ವರ್ಷ ಮುಚ್ಚಿದ್ದ ಗಣಿಯ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ ತೊಳೆದು ಮತ್ತೆ ಹಾಸಿಗೆ ಹಾಕಿದರು. ಕಂಪನಿ ಬಿಟ್ಟುಹೋದ ಗೋಡೆಗಳು ಇನ್ನೂ ಗಟ್ಟಿ ಇದ್ದವು. ಸುದ್ದಿ ಕೇಳಿದ ಅಜ್ಜಿ, "ಅದನ್ನ ಮೊದಲೇ ತೊಳೀಬಹುದಿತ್ತಲ್ಲ" ಅಂದಳು.

ಈಗ ನಾವು ಕೆಲವರು ಸೇರಿ ಒಂದು ಸಣ್ಣ ಕೆಲಸ ಹಿಡಿದಿದ್ದೇವೆ. ಆ ಕಾನೂನಿನಲ್ಲಿ ಉಳಿದಿರುವ ರೋಗಿಗಳ ಹಕ್ಕುಗಳನ್ನು ಸುಲಭ ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚುತ್ತೇವೆ. ಡೈರಿಯ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ, ಬೆಳಗಿನ ರೈಲಿನಲ್ಲಿ. ಹೆಣದ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ. ದರಪಟ್ಟಿ ತೂಗುಹಾಕಿದ್ದಾರಾ ಅಂತ ನೋಡಲು ಹೋದ ತಿಂಗಳು ಒಂದು ಆಸ್ಪತ್ರೆಗೆ ಹೋದೆವು. ಪಟ್ಟಿ ಇತ್ತು, ಔಷಧಿ ಅಂಗಡಿಯ ಪಕ್ಕದ ಗೋಡೆಯಲ್ಲಿ, ಎತ್ತರದಲ್ಲಿ, ಇಂಗ್ಲಿಷಿನಲ್ಲಿ. ನಮ್ಮಲ್ಲಿ ಒಬ್ಬಳು ಬೆಂಚಿನ ಮೇಲೆ ಹತ್ತಿ ನಿಂತು ಕನ್ನಡದಲ್ಲಿ ಬರೆದುಕೊಳ್ಳತೊಡಗಿದಳು. ಕಾವಲಿನವನು ಇಳಿ ಅಂದ. ಇನ್ನೂ ಹೆರಿಗೆ ತನಕ ಬಂದಿದ್ದೀನಿ, ಮುಗಿಸಿ ಇಳೀತೀನಣ್ಣ ಅಂದಳು. ಅವನೂ ನಮ್ಮ ಕಡೆಯವನೇ ಇರಬೇಕು. ಅತ್ತ ಮುಖ ತಿರುಗಿಸಿಕೊಂಡು ನಿಂತ.